ಕೊನೆಗೆ ಹಿಡಿದ ಕೈ

“ಈ ಕೈಗೆ ಹಂದಿ ಗೊರಸು ಕೊಡ್ರಪ್ಪ, ಚೆನ್ನಾಗಿ ಕೆತ್ತುತ್ತೆ. ಮನುಷ್ಯರ ಕಾಲು ಯಾಕೆ ಕೊಡ್ತೀರಿ?”

ಫಾಂಗ್ ತಾತ ಇದನ್ನು ಕೂಗಿ ಹೇಳಲಿಲ್ಲ. ಯಾಂಗ್‌ಝೌ ನಗರದ ಚಹದಂಗಡಿಗಳಲ್ಲಿ ನಲವತ್ತು ವರ್ಷ ಮೇಜಿನ ಮೇಲೆ ಮರದ ತುಂಡು ಕುಟ್ಟಿ ಕಥೆ ಹೇಳಿ ಬದುಕಿದ ಮನುಷ್ಯ; ಯಾವ ಮಾತನ್ನು ಎಷ್ಟು ಮೆಲ್ಲಗೆ ಬಿಟ್ಟರೆ ಕೊನೆಯ ಬೆಂಚಿನವನ ಕಿವಿಗೂ ಹೋಗಿ ಕೂರುತ್ತದೆ ಎಂಬುದು ಅವನಿಗೆ ಗೊತ್ತು. ಸ್ನಾನಗೃಹದ ಬಿಸಿನೀರಿನ ಕೊಳದಿಂದ ಎದ್ದು ಬಂದು ಸಾಲು ಮಂಚಗಳ ಮೇಲೆ ಟವೆಲು ಹೊದ್ದು ಬಿದ್ದುಕೊಂಡಿದ್ದ ಹದಿನೈದು ಹದಿನಾರು ಗಂಡಸರು ಒಟ್ಟಿಗೆ ತಲೆ ಎತ್ತಿದರು. ಯಾರೋ ಬಾಯಿಗಿಟ್ಟ ಮೂಲಂಗಿ ಚೂರನ್ನು ಕಡಿಯದೆ ಹಾಗೆಯೇ ಹಿಡಿದುಕೊಂಡ. ಅಲ್ಲಿ ಕಾಲುಗುರು ತೆಗೆಯುವ ಕಸುಬು ಕಲಿಯುತ್ತಿದ್ದ ಶುಯಿಶಂಗ್ ತನ್ನ ಗೇಣೆತ್ತರದ ಸ್ಟೂಲಿನ ಮೇಲೆ ಕೂತೇ ಇದ್ದ. ಅವನ ಮೊಣಕಾಲಿನ ಮೇಲೆ ಹಾಸಿದ್ದ ಬಿಳಿ ಬಟ್ಟೆಯಿಂದ ಮುದುಕ ಆಗತಾನೆ ಕಾಲು ಎಳೆದುಕೊಂಡಿದ್ದ. ಬಟ್ಟೆಯ ಮೇಲೆ ಹಿಮ್ಮಡಿಯ ಒದ್ದೆ ಗುರುತು ಉಳಿದಿತ್ತು. ಬಲಗಾಲಿನ ಹೆಬ್ಬೆರಳು ಒಳಮಗ್ಗುಲಲ್ಲಿ ಊದಿ, ಕೆಂಪಾಗಿ, ಉಗುರಿನ ಅಂಚಿನ ಮೇಲೆ ಮಾಂಸ ಹತ್ತಿ ಕೂತಿತ್ತು. ಒತ್ತಿದರೆ ಕೀವು ಬರುತ್ತದೆ ಎಂದು ಮುಟ್ಟದೆಯೇ ಹೇಳಬಹುದು. ಎಲ್ಲರೂ ಬೆರಳನ್ನು ನೋಡಿದರು. ಆಮೇಲೆ ಎಲ್ಲರೂ ಶುಯಿಶಂಗನ ಕೈಗಳನ್ನು ನೋಡಿದರು.

“ಮೂರು ವಾರದ ಹಿಂದೆ ಇದೇ ಮಂಚದ ಮೇಲೆ ಕಾಲು ಕೊಟ್ಟೆ,” ಫಾಂಗ್ ತಾತ ಮುಂದುವರಿಸಿದ. “ನಮ್ಮ ಬಿಯಾನ್ ಮೇಸ್ತ್ರಿ ಉಗುರು ತೆಗೆದ. ಚಿನ್ನದಂಥ ಕೈ. ಆಮೇಲೆ ಕಾಲು ಇವನ ತೊಡೆಗೆ ಬಂತು. ಇವನು ಏನು ಉಜ್ಜಿದನೋ, ಏನು ತುರುಕಿದನೋ! ಹತ್ತು ದಿನಕ್ಕೆ ನನಗೆ ಬೂಟು ಹಾಕೋಕಾಗಲಿಲ್ಲ. ಮಗಳು ಆಸ್ಪತ್ರೆಗೆ ಎಳ್ಕೊಂಡು ಹೋದಳು. ಆ ಡಾಕ್ಟರು, ಮೀಸೆ ಕೂಡ ಬಂದಿಲ್ಲ, ‘ಅಜ್ಜಾ, ಅರ್ಧ ಉಗುರು ಕಿತ್ತುಹಾಕಿ, ಬುಡ ಸುಟ್ಟುಬಿಡ್ತೀವಿ’ ಅಂದ. ನಾನು ಒಂದೇ ಕಾಲಲ್ಲಿ ಓಡಿಬಂದೆ.”

ಮಂಚಗಳ ಮೇಲೆ ನಗು ಹರಿಯಿತು. “ಉಗುರಲ್ಲಿ ಹೋಗೋದಕ್ಕೆ ಕೊಡಲಿ ಎತ್ತಿದ್ರಂತೆ,” ಎಂದು ಒಬ್ಬ ಒಗ್ಗರಣೆ ಹಾಕಿದ. ಬಿಸಿ ಟವೆಲುಗಳನ್ನು ಮಂಚದಿಂದ ಮಂಚಕ್ಕೆ ಎಸೆಯುತ್ತಿದ್ದವನು ಎಸೆಯುವುದನ್ನು ಮರೆತು ನಿಂತ. ಆವಿ ಏಳುವ ಟವೆಲು ಅವನ ಕೈಯಲ್ಲೇ ತಣ್ಣಗಾಗುತ್ತಿತ್ತು.

ಆ ಸ್ನಾನಗೃಹದಲ್ಲಿ ಒಂದು ರೂಢಿ. ಮೇಸ್ತ್ರಿ ಕತ್ತರಿಸುತ್ತಾನೆ, ಶಿಷ್ಯ ಅರ ಹಾಕಿ ನಯ ಮಾಡುತ್ತಾನೆ, ಒರೆಸುತ್ತಾನೆ, ಕಾಲನ್ನು ಕೆಳಗಿಳಿಸುತ್ತಾನೆ. ಕೊನೆಗೆ ಕಾಲು ಹಿಡಿದವನದೇ ಕಾಲು. ಆಮೇಲೆ ಏನಾದರೂ ಕೆಟ್ಟರೆ ಅವನೇ ಹೊಣೆ. ಮೇಸ್ತ್ರಿಯ ಕೆಲಸವನ್ನು ಬೆರಳಿನಿಂದ ಪರೀಕ್ಷಿಸದೆ ಕಾಲು ಇಳಿಸಿದವನು ಕಸುಬಿನವನೇ ಅಲ್ಲ ಎಂದು ಹಳಬರು ಹೇಳುತ್ತಿದ್ದರು. ನಾಲ್ಕು ವರ್ಷದ ಹಿಂದೆ ಮೊದಲ ದಿನವೇ ಬಿಯಾನ್ ಮೇಸ್ತ್ರಿ ಇದನ್ನು ಹೇಳಿಕೊಟ್ಟಿದ್ದ. ಆಗ ಅದು ಶುಯಿಶಂಗನಿಗೆ ಗೌರವದ ಮಾತಿನಂತೆ ಕೇಳಿತ್ತು. ಹದಿನಾಲ್ಕಕ್ಕೆ ಶಾಲೆ ಬಿಟ್ಟವನಿಗೆ, ಕೆರೆಯಂಚಿನ ಹಳ್ಳಿಯಲ್ಲಿ ಬೇರೆಯವರ ಬಾತುಕೋಳಿ ಕಾಯ್ದು ಬಂದವನಿಗೆ, ಯಾವುದಾದರೂ ಒಂದು ತನ್ನ ಹೊಣೆ ಎಂದು ಯಾರಾದರೂ ಹೇಳಿದ್ದೇ ದೊಡ್ಡದಾಗಿತ್ತು.

ಯಜಮಾನ ಛಿಯಾವ್ ಹೊರಗಿನ ಗಲ್ಲಾದಿಂದ ಪರದೆ ಸರಿಸಿಕೊಂಡು ಬಂದ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಮ್ಮೆ ಬೆರಳನ್ನು, ಒಮ್ಮೆ ಸಾಲು ಮಂಚಗಳನ್ನು ನೋಡಿದ. ಫಾಂಗ್ ತಾತ ಇಲ್ಲಿಂದ ಬೈದುಕೊಂಡು ಎದ್ದುಹೋದರೆ ಸಂಜೆಯೊಳಗೆ ಊರಿನ ಅರ್ಧ ಚಹದಂಗಡಿಗಳಲ್ಲಿ ಈ ಬೆರಳಿನ ಕಥೆ ನಡೆಯುತ್ತದೆ, ಅದಕ್ಕೆ ಬಾಲ ಕೊಂಬು ಎರಡೂ ಹುಟ್ಟುತ್ತವೆ ಎಂಬುದು ಅವನಿಗೆ ಗೊತ್ತಿತ್ತು.

“ತಾತ, ಸಿಟ್ಟು ಬೇಡ. ಬಿಯಾನ್ ಮೇಸ್ತ್ರಿನೇ ನೋಡ್ಲಿ,” ಎಂದ.

ಕಿಟಕಿಯ ಪಕ್ಕದ ಮಂಚದ ತುದಿಯಲ್ಲಿ ಕೂತಿದ್ದ ಬಿಯಾನ್ ಮೇಸ್ತ್ರಿ ಎರಡೂ ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡ. ಚಳಿಯಾದವನ ಹಾಗೆ. ಒಳಗೆ ಬೆವರು ಸುರಿಯುವಷ್ಟು ಸೆಕೆ. “ಅವನೇ ಮಾಡ್ತಾನೆ,” ಎಂದ. “ನಾನು ಪಕ್ಕದಲ್ಲಿ ಕೂತಿರ್ತೀನಿ.”

“ಅವನಾ? ಮತ್ತೆ ಅವನಾ?”

“ನನ್ನ ಮೇಲೆ ನಂಬಿಕೆ ಇದ್ರೆ ಕಾಲು ಕೊಡಿ, ಫಾಂಗ್.”

ಛಿಯಾವ್ ಶುಯಿಶಂಗನ ಕಡೆ ಬಾಗಿ, ಬಾಗಿದರೂ ಎಲ್ಲರಿಗೂ ಕೇಳುವಂತೆ, “ಉಗುರು ಕೀಳಬಾರದು. ನೋಯಿಸಬಾರದು. ಸರಿಹೋದ್ರೆ ನಾನು ಹೇಳಿದ್ದ ಹಾಗೆ ಗುರುವಾರದಿಂದ ನಿನ್ನದೇ ಸ್ಟೂಲು, ನಿನ್ನದೇ ಗಿರಾಕಿಗಳು. ಇಲ್ದಿದ್ರೆ ನಿನ್ನ ಚಾಕು ಸುತ್ಕೊಂಡು ಊರಿಗೆ ಹೋಗು, ಬಾತುಕೋಳಿ ನಿನ್ನ ದಾರಿ ಕಾಯ್ತಾ ಇರ್ತವೆ,” ಎಂದ. ಮತ್ತೆ ನಗು. ಮುದುಕ ದೊಡ್ಡ ಉಪಕಾರ ಮಾಡುವವನಂತೆ ಕಾಲು ಚಾಚಿದ.

ಶುಯಿಶಂಗ್ ದೀಪ ಎಳೆದುಕೊಂಡು ಹತ್ತಿರ ತಂದ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಬೆರಳನ್ನು, ಆಮೇಲೆ ಚಾಕುಗಳನ್ನು ಒರೆಸಿದ. ಈ ಕಾಲು ಅವನಿಗೆ ಮುಖಕ್ಕಿಂತ ಚೆನ್ನಾಗಿ ಗೊತ್ತು. ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದ, ಕಿರುಬೆರಳಿನ ಉಗುರು ಎರಡಾಗಿ ಸೀಳಿದೆ, ಪಾದದ ಹೊರಮಗ್ಗುಲಲ್ಲಿ ಹಳೆಯ ಬೂಟಿನದೊಂದು ಆಣಿ. ನಾಲ್ಕು ವರ್ಷದಲ್ಲಿ ಈ ಊರನ್ನು ಅವನು ಕೆಳಗಿನಿಂದಲೇ ನೋಡಿದ್ದಾನೆ. ಮೇಲೆ ನೋಡಿದರೆ ಮೂಗಿನ ಹೊಳ್ಳೆ, ಗದ್ದದ ಅಡಿಭಾಗ, ಚಹ ಕುಡಿಯುವಾಗ ಏರಿಳಿಯುವ ಗಂಟಲು. ಬೀದಿಯಲ್ಲಿ ಎದುರಾದರೆ ಹೆಚ್ಚಿನವರ ಗುರುತು ಹತ್ತುವುದಿಲ್ಲ, ಅವರಿಗೆ ಇವನ ಗುರುತೂ ಇಲ್ಲ. ಒಮ್ಮೆ ನೂಡಲ್ಸ್ ಅಂಗಡಿಯಲ್ಲಿ ಪಕ್ಕ ಕೂತ ಗುಮಾಸ್ತನೊಬ್ಬನಿಗೆ, ಮೊನ್ನೆ ತಾನೇ ಹಿಮ್ಮಡಿ ಕೆರೆಸಿಕೊಂಡು ಹೋಗಿದ್ದವನಿಗೆ, ನಕ್ಕು ತಲೆಯಾಡಿಸಿದ್ದ. ಆತ ಇವನ ಮುಖ ನೋಡಿದ, ನೆನಪಿಸಿಕೊಂಡ, ಆಮೇಲೆ ಇವನ ಕೈ ಚಾಪ್‌ಸ್ಟಿಕ್ ಹಿಡಿದಿರುವುದನ್ನು ನೋಡಿ, ತನ್ನ ಬಟ್ಟಲನ್ನು ಮೆಲ್ಲಗೆ ಒಂದು ಗೇಣು ದೂರ ಸರಿಸಿಕೊಂಡ. ಒಂದೇ ಗೇಣು. ಅಷ್ಟಕ್ಕೆ ಯಾರ ಕೊರಳಪಟ್ಟಿ ಹಿಡಿಯುವುದು? ಊರಲ್ಲಿ ಅವ್ವ ಎಲ್ಲರಿಗೂ ಮಗ ನಗರದಲ್ಲಿ ಆರೋಗ್ಯದ ಇಲಾಖೆಯಲ್ಲಿದ್ದಾನೆ ಎಂದು ಹೇಳಿಕೊಂಡಿದ್ದಳು. ಹಬ್ಬಕ್ಕೆ ಹೋದಾಗ ಪಕ್ಕದ ಮನೆಯ ಮುದುಕಿ ಇವನ ಮುಂದೆ ನಾಲಿಗೆ ಚಾಚಿ ಕೂತಿದ್ದಳು, ನೋಡು ಮಗಾ ಯಾಕೆ ಬೆಳ್ಳಗಾಗಿದೆ ಎಂದು. ಇವನು ನೋಡಿದ್ದ. ಜಾಸ್ತಿ ನೀರು ಕುಡಿ ಎಂದಿದ್ದ.

ಅಗಲ ಬಾಯಿಯ ಚಾಕುವನ್ನು ಪೆನ್ನಿನ ಹಾಗೆ ಹಿಡಿದು ಉಗುರಿನ ಮೇಲ್ಮೈಯಿಂದ ಶುರುಮಾಡಿದ. ಮೂಲೆಗೆ ಈಗಲೇ ಕೈ ಹಾಕುವವನು ದಡ್ಡ. ಉಗುರು ದಪ್ಪವಿದ್ದರೆ ಬಿಲ್ಲಿನಂತೆ ಬಿಗಿದು ಎರಡೂ ಮಗ್ಗುಲಿನ ಮಾಂಸವನ್ನು ಕಚ್ಚಿಕೊಂಡಿರುತ್ತದೆ. ನಡುವೆ ಹೆರೆದು ತೆಳ್ಳಗೆ ಮಾಡಿದರೆ ಬಿಗಿ ಸಡಿಲಿ, ಕಚ್ಚಿದ ಮೂಲೆ ತಾನೇ ಬಾಯಿ ಬಿಡುತ್ತದೆ. ಉಗುರಿನ ಪುಡಿ ಬಿಳಿ ಬಟ್ಟೆಯ ಮೇಲೆ ಮೈದಾದ ಹಾಗೆ ಉದುರುತ್ತಿತ್ತು. ಈ ಹೆರೆಯುವಿಕೆಗಾಗಿ ಮೊದಲ ಒಂದು ವರ್ಷ ಅವನಿಗೆ ಕಾಲೇ ಕೊಟ್ಟಿರಲಿಲ್ಲ, ಬಿದಿರಿನ ಚಾಪ್‌ಸ್ಟಿಕ್ ಕೊಟ್ಟಿದ್ದರು. ದಿನಕ್ಕೆ ಮೂವತ್ತು. ಒಂದೊಂದನ್ನೂ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ, ಮುರಿಯದ ಸುರುಳಿಯಾಗಿ ಹೆರೆಯಬೇಕು. ಮೇಸ್ತ್ರಿ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಕಸದ ಬುಟ್ಟಿಗೆ ಹಾಕುತ್ತಿದ್ದ. ಬೈದಿದ್ದರೆ ಚೆನ್ನಾಗಿತ್ತು. ಆ ವರ್ಷವೆಲ್ಲ ಶುಯಿಶಂಗ್ ಕನಸಿನಲ್ಲಿ ಬಿದಿರು ಹೆರೆದಿದ್ದಾನೆ. ಆದರೂ ಮೇಸ್ತ್ರಿಯ ಕೈ ನೋಡುವುದೆಂದರೆ ಅವನಿಗೆ ಹಸಿವು ಮರೆಯುತ್ತಿತ್ತು. ಚಾಕು ಚರ್ಮದ ಮೇಲೆ ಹೋಗುತ್ತಿರಲಿಲ್ಲ, ಚರ್ಮವೇ ಚಾಕುವಿಗೆ ದಾರಿ ಬಿಡುತ್ತಿತ್ತು. ಆ ಕೈ ತನ್ನದಾಗಬೇಕೆಂದು ಆಸೆಪಟ್ಟಷ್ಟು ಅವನು ಯಾವ ಹೆಣ್ಣಿಗೂ ಆಸೆಪಟ್ಟಿಲ್ಲ.

“ಏನೋ, ನೋವಾಗ್ತಿಲ್ವಲ್ಲ,” ಫಾಂಗ್ ತಾತ ಮಂಚದ ಮೇಲಿನಿಂದ ಹೇಳಿದ, ಅದೂ ದೂರಿನ ದನಿಯಲ್ಲೇ.

“ಇನ್ನೂ ಮೂಲೆಗೆ ಹೋಗಿಲ್ಲ ತಾತ.”

“ಹೋಗುವಾಗ ಹೇಳಪ್ಪ. ಹಲ್ಲು ಕಚ್ಕೋತೀನಿ. ಇರೋದೇ ಆರು.”

ಮೇಸ್ತ್ರಿ ಪಕ್ಕದಲ್ಲೇ ಕೂತಿದ್ದ. ಅವನ ಉಸಿರಿನಲ್ಲಿ ಅಗ್ಗದ ಹೆಂಡದ ವಾಸನೆಯಿತ್ತು. ಹೋದ ಬೇಸಗೆಯಿಂದ ಕೆಲಸಕ್ಕೆ ಕೂರುವ ಮುಂಚೆ ಆತ ಹಿಂದಿನ ಕೋಣೆಗೆ ಹೋಗಿ ಬರುವುದು, ಬಂದಮೇಲೆ ಮಣಿಕಟ್ಟನ್ನು ಗಿರಾಕಿಯ ಕಾಲಗಂಟಿಗೆ ಊರಿಕೊಳ್ಳುವುದು, ಎರಡು ಬೆರಳಲ್ಲಿ ಹಿಡಿಯುತ್ತಿದ್ದ ಚಾಕುವನ್ನು ನಾಲ್ಕು ಬೆರಳಲ್ಲಿ ಹಿಡಿಯುವುದು. ಇದನ್ನೆಲ್ಲ ನೋಡಿದವನು ಶುಯಿಶಂಗ್ ಒಬ್ಬನೇ. ಮಂಚದ ಮೇಲೆ ಮಲಗಿದವರಿಗೆ ತಮ್ಮ ಕಾಲಿನ ತುದಿಯಲ್ಲಿ ಏನು ನಡುಗುತ್ತಿದೆಯೆಂದು ಗೊತ್ತಾಗುವುದಿಲ್ಲ, ಅವರು ಸೂರು ನೋಡುತ್ತ ಮಾತಾಡುತ್ತಿರುತ್ತಾರೆ. ಮೊದಮೊದಲು ಶುಯಿಶಂಗ್ ಮೇಸ್ತ್ರಿ ಬಿಟ್ಟದ್ದನ್ನು ಅರದ ನೆವದಲ್ಲಿ ತಾನೇ ತಿದ್ದುತ್ತಿದ್ದ. ಒಂದು ತರಚು, ಒಂದು ಒರಟು ಅಂಚು. ಯಾರಿಗೂ ಹೇಳಲಿಲ್ಲ, ಮೇಸ್ತ್ರಿಗೂ ಹೇಳಲಿಲ್ಲ. ಮೇಸ್ತ್ರಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದರೆ ಒಂದು ಸಲವಾದರೂ ಕಣ್ಣೆತ್ತಿ ನೋಡಬೇಕಿತ್ತಲ್ಲ, ಒಂದು ಬಟ್ಟಲು ಚಹ ಇವನ ಕಡೆ ತಳ್ಳಬೇಕಿತ್ತಲ್ಲ.

ಮೂರು ವಾರದ ಹಿಂದೆ, ಇಷ್ಟೇ ಹೊತ್ತಿಗೆ, ಛಿಯಾವ್ ಎಲ್ಲರ ಮುಂದೆ ಕೇಳಿದ್ದ. ಮೇಸ್ತ್ರೀ, ಚಳಿಗಾಲದ ಜನ ಶುರುವಾಗುತ್ತೆ, ಹುಡುಗನಿಗೆ ಅವನದೇ ಸ್ಟೂಲು ಹಾಕಿ ಕೊಡೋಣವಾ? ಮೇಸ್ತ್ರಿ ಆಗ ಫಾಂಗ್ ತಾತನ ಇದೇ ಬೆರಳನ್ನು ಹಿಡಿದಿದ್ದ. ತಲೆ ಎತ್ತದೆ ಹೇಳಿದ: “ಇವನಾ? ಇನ್ನೂ ಎರಡು ವರ್ಷ ಚಾಪ್‌ಸ್ಟಿಕ್ ಹೆರೀಲಿ.” ಎಲ್ಲರೂ ನಕ್ಕರು, ಮೇಸ್ತ್ರಿ ನಗಿಸಿದ್ದಕ್ಕೆ ಸಂತೋಷಪಟ್ಟವನಂತೆ ತುಟಿ ಅರಳಿಸಿದ. ನಾಲ್ಕು ವರ್ಷ. ಆರು ತಿಂಗಳಿಂದ ನಿನ್ನ ನಡುಗುವ ಕೈಯ ಕೊಳೆ ಬಳಿಯುತ್ತಿರುವವನು ನಾನು. ಶುಯಿಶಂಗನ ಕಿವಿಯೊಳಗೆ ನೀರು ಹೊಕ್ಕ ಹಾಗಾಗಿತ್ತು. ಆಮೇಲೆ ಕಾಲು ಅವನ ತೊಡೆಗೆ ಬಂತು. ಅರ ಹಾಕಿದ. ಒಳಮಗ್ಗುಲ ಮೂಲೆಯಲ್ಲಿ, ಮಾಂಸದ ಮಡಿಕೆಯ ಕೆಳಗೆ, ಅರದ ತುದಿ ತಡೆಯಿತು.

ಅಷ್ಟೇ. ಒಂದು ಚಿಕ್ಕ ತಡೆ, ಅನ್ನದಲ್ಲಿ ಹರಳು ಸಿಕ್ಕ ಹಾಗೆ. ಮೇಸ್ತ್ರಿಯ ಚಾಕು ಮೂಲೆಯನ್ನು ಪೂರ್ತಿ ತೆಗೆಯದೆ ಮುರಿದಿತ್ತು, ಉಗುರಿನ ಒಂದು ಚೂಪು ಚೂರು ಮುಳ್ಳಿನ ಹಾಗೆ ಒಳಗೆ ಉಳಿದಿತ್ತು. ಉಗುರು ಬೆಳೆದ ಹಾಗೆ ಅದು ಮುಂದಕ್ಕೆ ಮಾಂಸದೊಳಗೇ ಹೋಗುತ್ತದೆ, ಇದು ಕಸುಬಿಗೆ ಬಂದ ಆರನೇ ತಿಂಗಳಿಗೆ ಎಲ್ಲರಿಗೂ ಗೊತ್ತಾಗುತ್ತದೆ. ಚಾಕು ಪಕ್ಕದಲ್ಲೇ ಇತ್ತು. ಎರಡು ನಿಮಿಷದ ಕೆಲಸ. ಶುಯಿಶಂಗ್ ಅರವನ್ನು ಇನ್ನೊಂದು ಸಲ ಅದೇ ಜಾಗಕ್ಕೆ ಒಯ್ದ, ಇದೆಯೋ ಇಲ್ಲವೋ ನೋಡಲಿಕ್ಕಲ್ಲ, ಇದೆ ಎಂದು ಖಾತ್ರಿ ಮಾಡಿಕೊಳ್ಳಲಿಕ್ಕೆ. ಆಮೇಲೆ ಕಾಲನ್ನು ಒರೆಸಿ ಕೆಳಗಿಳಿಸಿದ. ಇರಲಿ. ಇನ್ನು ಹತ್ತು ದಿನಕ್ಕೆ ಈ ಬಾಯಿಬಡುಕ ಮುದುಕ ಕುಂಟಿಕೊಂಡು ಬರುತ್ತಾನೆ, ಚಿನ್ನದ ಕೈಯ ಬಣ್ಣ ಎಲ್ಲರೂ ನೋಡಲಿ. ರೂಢಿಯ ಮಾತು ಆ ಕ್ಷಣದಲ್ಲಿ ಅವನಿಗೆ ನೆನಪಾಗಲೇ ಇಲ್ಲ. ಕೊನೆಗೆ ಹಿಡಿದ ಕೈ ತನ್ನದೇ ಎಂಬುದನ್ನು ಮರೆತು ಹೊಂಡ ತೋಡಿದ, ತೋಡಿದವನ ಅಳತೆಗೇ ಸರಿಯಾಗಿ.

ಆ ರಾತ್ರಿ ನಿದ್ದೆ ಬಂದಿತ್ತು, ಅದೇ ಅವನಿಗೆ ಈಗ ಆಶ್ಚರ್ಯ. ನಿದ್ದೆ ಕೆಟ್ಟದ್ದು ಆಮೇಲಿನ ವಾರದಿಂದ. ಮುದುಕ ಬರಲಿಲ್ಲ. ಎರಡನೇ ವಾರವೂ ಬರಲಿಲ್ಲ. ಎಪ್ಪತ್ತು ದಾಟಿದ ಕಾಲು, ರಕ್ತ ತುದಿಗೆ ಬರುವುದೇ ಕಷ್ಟ, ಒಳಗೆ ಕೊಳೆತು ಕಪ್ಪಾಗಿ ಬೆರಳೇ ಹೋದರೆ? ಪರದೆ ಸರಿದಾಗಲೆಲ್ಲ ಅವನ ಕಣ್ಣು ಮೊದಲು ಬಂದವರ ಕಾಲಿಗೆ ಹೋಗುತ್ತಿತ್ತು. ಇವತ್ತು ಮುದುಕ ಕುಂಟುತ್ತ ಒಳಗೆ ಬಂದಾಗ ಅವನಿಗೆ ಅನಿಸಿದ್ದು ಭಯವಲ್ಲ. ಸದ್ಯ, ಐದೂ ಬೆರಳಿವೆ ಎಂದು.

ಓರೆ ಬಾಯಿಯ ಸಣ್ಣ ಚಾಕು ತೆಗೆದುಕೊಂಡ. “ತಾತ, ಈಗ ಮೂಲೆ,” ಎಂದ.

ಬಿಸಿ ಟವೆಲನ್ನು ಬೆರಳಿಗೆ ಸುತ್ತಿ ಸ್ವಲ್ಪ ಹೊತ್ತು ಹಿಡಿದ, ಮಾಂಸ ಮೆತ್ತಗಾಗಲಿ ಎಂದು. ಎಡಗೈಯ ಹೆಬ್ಬೆರಳಿನಿಂದ ಊದಿದ ಮಗ್ಗುಲನ್ನು ಉಗುರಿನಿಂದ ಹೊರಕ್ಕೆ ಎಳೆದು ಹಿಡಿದ. ಸಣ್ಣ ಸಂದು ಕಾಣಿಸಿತು. ಚಾಕುವಿನ ತುದಿಯನ್ನು ಉಗುರಿನ ಅಡಿಗೆ, ಬಾಯಿ ಮೇಲ್ಮುಖವಾಗಿ, ಕಳ್ಳ ಬಾಗಿಲು ಸರಿಸುವ ಹಾಗೆ ಸರಿಸಿದ. ಒತ್ತಬಾರದು. ಒತ್ತಿದರೆ ನೋವು, ನೋವಾದರೆ ಕಾಲು ಅದುರುತ್ತದೆ, ಅದುರಿದರೆ ರಕ್ತ. ಎಷ್ಟೋ ಹೊತ್ತಾಯಿತು ಅನಿಸಿತು. ಒಂದು ಹನಿ ಕೀವು ಬಂತು, ಒರೆಸಿದ. ಮತ್ತೆ ಒಳಕ್ಕೆ ಹೋದ. ಅಲ್ಲಿತ್ತು ಅದು. ಮೂರು ವಾರದಲ್ಲಿ ಬೆಳೆದು, ತುದಿ ಚೂಪಾಗಿ, ಮಾಂಸದಲ್ಲಿ ಮುಖ ಹುದುಗಿಸಿ ಕೂತಿತ್ತು. ಚಾಕುವಿನ ತುದಿಯಲ್ಲಿ ಅದರ ಬುಡ ಸಿಕ್ಕಿದಾಗ ಶುಯಿಶಂಗನಿಗೆ ಬೇರೆ ಯಾವುದೂ ನೆನಪಿರಲಿಲ್ಲ, ಸ್ಟೂಲಾಗಲಿ ಬೈಗುಳವಾಗಲಿ. ಕೈ ತಾನೇ ತಿರುಗಿತು. ಚಿಮಟದಲ್ಲಿ ಹಿಡಿದು, ಬೆಳೆದ ದಿಕ್ಕಿನಲ್ಲೇ ಮುಂದಕ್ಕೆ ಎಳೆದ. ಬಂತು.

ನುಚ್ಚಕ್ಕಿಗಿಂತ ತುಸು ಉದ್ದ. ಬಿಳಿ ಬಟ್ಟೆಯ ಮೇಲೆ ಇಟ್ಟ.

“ಆಯ್ತು,” ಎಂದ.

“ಏನಾಯ್ತು? ನಾನಿನ್ನೂ ಹಲ್ಲೇ ಕಚ್ಚಿಲ್ಲ!” ಫಾಂಗ್ ತಾತ ಮೊಣಕೈ ಊರಿ ಎದ್ದು ನೋಡಿದ. ಅಕ್ಕಪಕ್ಕದ ಮಂಚದವರು ಟವೆಲು ಬಿಗಿದುಕೊಂಡು ಬಂದು ಮುಳ್ಳಿನ ಸುತ್ತ ಬಾಗಿದರು. “ಇಷ್ಟೇನಾ! ಇದಕ್ಕೇ ಕತ್ತರಿ ಕೇಳಿದ್ನಾ ಆ ಡಾಕ್ಟರು?” “ಸೂಜಿ ಇಲ್ಲ, ಮದ್ದಿಲ್ಲ, ನೋಡ್ರೋ.” ಶುಯಿಶಂಗ್ ಯಾರಿಗೂ ಮುಖ ಕೊಡದೆ ಅಯೋಡಿನ್ ಹಚ್ಚಿದ, ಹತ್ತಿಯ ಒಂದೆರಡು ಎಳೆಗಳನ್ನು ಹೊಸೆದು ಉಗುರಿನ ಮೂಲೆಯ ಅಡಿಗೆ ಚಾಕುವಿನ ಮೊಂಡು ಬೆನ್ನಿನಿಂದ ಸೇರಿಸಿದ. “ಇದು ಮೂಲೆನ ಎತ್ತಿ ಹಿಡಿಯುತ್ತೆ, ಉಗುರು ಮಾಂಸದ ಮೇಲೆ ಬೆಳೆಯೋದು ಕಲಿಯುತ್ತೆ. ಎರಡು ದಿನಕ್ಕೊಮ್ಮೆ ಬನ್ನಿ, ಬದಲಾಯಿಸಬೇಕು. ಮೂಲೆ ನೀವು ಕತ್ತರಿಸಬೇಡಿ. ಬೂಟು ಬೇಡ, ಬಟ್ಟೆ ಚಪ್ಪಲಿ ಹಾಕಿ. ಜ್ವರ ಬಂದ್ರೆ, ಕೆಂಪು ಪಾದಕ್ಕೆ ಏರಿದ್ರೆ ಇಲ್ಲಿಗೆ ಬರಬೇಡಿ, ಆಸ್ಪತ್ರೆಗೇ ಹೋಗಿ.” ಹೇಳುತ್ತಲೇ ತನ್ನ ದನಿ ಮೇಸ್ತ್ರಿಯ ದನಿಯಂತಿದೆ ಎಂದು ತಿಳಿದು ಅವನಿಗೆ ಸುಸ್ತಾಯಿತು. ಬೆನ್ನು ಬಡಿದು ಹಾಕಿದಂತಿತ್ತು. ಈಗ ಇವರೆಲ್ಲ ತಮ್ಮ ತಮ್ಮ ಮಂಚಕ್ಕೆ ಹೋದರೆ ಸಾಕಿತ್ತು.

ಛಿಯಾವ್ ಹೊಟ್ಟೆ ಸವರಿಕೊಂಡ. “ತನ್ನ ತಪ್ಪು ತಾನೇ ತಿದ್ದಿಕೊಂಡ. ಒಳ್ಳೇದೇ ಆಯ್ತು ಬಿಡಿ, ಗುರುವಾರ...”

“ಅವನ ತಪ್ಪಲ್ಲ ಅದು.”

ಬಿಯಾನ್ ಮೇಸ್ತ್ರಿ ಎದ್ದು ನಿಂತಿದ್ದ. ಕಂಕುಳಿನಿಂದ ಕೈಗಳನ್ನು ತೆಗೆದು ಎಲ್ಲರ ಮುಂದೆ ಚಾಚಿದ. ಬಲಗೈ ನಡುಗುತ್ತಿತ್ತು, ಗಾಳಿಗೆ ಸಿಕ್ಕಿದ ಎಲೆಯ ಹಾಗಲ್ಲ, ಒಳಗಿನಿಂದ ಯಾರೋ ತಟ್ಟುತ್ತಿರುವ ಹಾಗೆ. ಟವೆಲಿನವನು ಕಣ್ಣು ಬೇರೆ ಕಡೆ ತಿರುಗಿಸಿದ.

“ಬೇಸಗೆಯಿಂದ ಹೀಗಿದೆ. ಆ ಮುಳ್ಳು ಬಿಟ್ಟಿದ್ದು ನನ್ನ ಚಾಕು. ಹೊಟ್ಟೆಪಾಡಿಗೆ ಮುಚ್ಚಿಟ್ಟೆ. ನನ್ನ ಕೈ ನಡುಗೋದು ಈ ಹುಡುಗನಿಗೆ ಗೊತ್ತಿತ್ತು. ಆರು ತಿಂಗಳಿಂದ ನಾನು ಬಿಟ್ಟಿದ್ದನ್ನೆಲ್ಲ ಇವನೇ ತಿದ್ದುತಾ ಇದ್ದ, ನನಗೆ ಗೊತ್ತಾಗದ ಹಾಗೆ. ನನಗೆ ಗೊತ್ತಾಗ್ತಿತ್ತು.” ಮೇಸ್ತ್ರಿ ಕೈಗಳನ್ನು ಇಳಿಸಿದ. “ಅವತ್ತು ಚಾಪ್‌ಸ್ಟಿಕ್ ಮಾತು ಆಡಿದ್ದು ಕೂಡ ಅದಕ್ಕೇ. ಇವನಿಗೆ ಬೇರೆ ಸ್ಟೂಲು ಹಾಕಿದ್ರೆ ನನ್ನ ಹಿಂದೆ ಯಾರು ಕೂರ್ತಾರೆ? ಇವತ್ತು ನೀವು ಹಂದಿ ಗೊರಸು ಅಂದ್ರಿ, ಫಾಂಗ್. ಒಂದು ಮಾತು ಆಡಿದ್ರೆ ಸಾಕಿತ್ತು, ನನ್ನ ಕಡೆ ಬೆರಳು ತೋರಿಸಿದ್ರೆ ಸಾಕಿತ್ತು. ತೋರಿಸಲಿಲ್ಲ. ನನ್ನ ಮಾನ ಮುಚ್ಚಿದ. ಹೊಟ್ಟೇಲಿ ಹುಟ್ಟಿದ ಮಗನೂ ಇಷ್ಟು ಮಾಡಲ್ಲ.”

ಒಬ್ಬ ಶುಯಿಶಂಗನ ಭುಜ ತಟ್ಟಿದ, ಅವನ ಅಂಗೈ ಸ್ನಾನದ ನೀರಿಗೆ ನೆರಿಗೆಗಟ್ಟಿ ಮೆತ್ತಗಿತ್ತು. ಇನ್ನೊಬ್ಬ ತನ್ನ ಚಹದ ಬಟ್ಟಲನ್ನೇ ಇವನ ಮುಂದೆ ತಂದಿಟ್ಟ. ಛಿಯಾವ್, “ಇಂಥ ಶಿಷ್ಯರು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ,” ಎಂದು ಆಗಲೇ ಊರಿಗೆಲ್ಲ ಹೇಳುವ ದನಿಯಲ್ಲಿ ಹೇಳಿದ. ಶುಯಿಶಂಗ್ ತಲೆ ತಗ್ಗಿಸಿದ. ಅದನ್ನು ಅವರು ವಿನಯವೆಂದುಕೊಂಡರು. ಬೈಗುಳಕ್ಕೆ ಅವನು ನಾಲ್ಕು ವರ್ಷದಿಂದ ಒಗ್ಗಿಹೋಗಿದ್ದ, ಅದು ಮೈಮೇಲೆ ಬಿದ್ದು ಜಾರಿಹೋಗುತ್ತದೆ. ಈ ಹೊಗಳಿಕೆ ಜಾರುತ್ತಿಲ್ಲ. ಮೇಸ್ತ್ರಿಯ ಕಣ್ಣಲ್ಲಿ ನೀರಿತ್ತು. ಆ ಕಣ್ಣು ಮೊದಲ ಸಲ ಅವನನ್ನು ನೇರ ನೋಡುತ್ತಿತ್ತು, ಆರು ತಿಂಗಳು ಅವನು ಕಾದದ್ದು ಇದಕ್ಕೇ. ಈಗ ಅದು ಸಿಕ್ಕಿದೆ, ಬೇರೆ ಯಾರಿಗೋ ಸೇರಬೇಕಾದದ್ದು ವಿಳಾಸ ತಪ್ಪಿ ಬಂದ ಹಾಗೆ.

ಫಾಂಗ್ ತಾತ ಮಾತ್ರ ಬಟ್ಟೆಯ ಮೇಲಿನ ಮುಳ್ಳನ್ನು ಬೆರಳ ತುದಿಗೆ ಅಂಟಿಸಿಕೊಂಡು ದೀಪದ ಹತ್ತಿರ ಹಿಡಿದು ನೋಡುತ್ತಿದ್ದ. ಒಂದೇ ಕಥೆಯನ್ನು ಸಾವಿರ ಸಲ ಹೇಳಿದವನಿಗೆ ಎಲ್ಲಿ ಹೊಲಿಗೆ ಬಿಟ್ಟಿದೆ ಎಂದು ಕಿವಿಯೇ ಹೇಳುತ್ತದೆ. ಅವನು ಕೇಳಿದಾಗ ದನಿಯಲ್ಲಿ ನಾಟಕ ಇರಲಿಲ್ಲ. ಪಕ್ಕದ ಇಬ್ಬರಿಗೂ ಮೇಸ್ತ್ರಿಗೂ ಮಾತ್ರ ಕೇಳುವಷ್ಟು ಸಣ್ಣಗಿತ್ತು.

“ನೀನು ಎಲ್ಲಾ ತಿದ್ದುತಾ ಇದ್ದೆ ಅಂತಾನೆ ಮೇಸ್ತ್ರಿ. ಅವತ್ತು ಅರ ಹಾಕಿದೋನೂ ನೀನೇ ಅಲ್ವಾ ಮಗಾ. ಇದು ನಿನ್ನ ಕೈಗೆ ತಗಲಲಿಲ್ವಾ?”

ಶುಯಿಶಂಗ್ ಮೊಣಕಾಲಿನ ಬಟ್ಟೆಯನ್ನು ತೆಗೆದು ಮಡಿಸಿ ಸ್ಟೂಲಿನ ಮೇಲಿಟ್ಟ. ಮೇಸ್ತ್ರಿ ಫಾಂಗ್ ತಾತನನ್ನು ನೋಡಿದ, ಆಮೇಲೆ ಇವನನ್ನು ನೋಡಿದ. ಆ ಮುಖದಲ್ಲಿ ಏನೋ ಒಂದು ಮೆಲ್ಲಗೆ, ಬಹಳ ಮೆಲ್ಲಗೆ, ಜಾಗ ಬದಲಿಸುತ್ತಿತ್ತು. ಅದು ಪೂರ್ತಿ ಬದಲಾಗುವ ಮುಂಚೆ ಶುಯಿಶಂಗ್ ಎದ್ದ. ಮಂಚಗಳ ನಡುವಿನ ಇಕ್ಕಟ್ಟಿನಲ್ಲಿ ಚಾಚಿದ್ದ ಕಾಲುಗಳನ್ನು ಒಂದೊಂದಾಗಿ ದಾಟಿಕೊಂಡು, ಗಲ್ಲಾದ ಮುಂದಿನ ಪರದೆ ಸರಿಸಿ, ಹಗಲಿನ ಬೀದಿಗೆ ಇಳಿದ. ಒಳಗಿನಿಂದ ಮೇಸ್ತ್ರಿ ಒಂದು ಸಲ ಅವನ ಹೆಸರು ಹಿಡಿದು ಕರೆದ. ಅವನು ನಡೆಯುತ್ತಲೇ ಇದ್ದ.